ಆಟಿಸಂ ಇರುವ ಮಗುವಿಗೆ ಮನೆಯಲ್ಲೇ ಮಾಡಿಸಬಹುದಾದ ವ್ಯಾಯಾಮ, ಪರ್ಯಾಯ ಚಿಕಿತ್ಸೆ ಯಾವುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕುಮಟಾ ಕಡೆಯವರು, 5 ವರ್ಷದ ಮಗ, ಹುಬ್ಬಳ್ಳಿಯಲ್ಲಿ ತೋರಿಸಿ ಆಟಿಸಂ ಎಂದು ಗೊತ್ತಾಗಿದೆ. ನಾಲ್ಕೈದು ಶಬ್ದ ಬಿಟ್ಟರೆ ಮಾತಿಲ್ಲ, ಕೈ ಬಡಿಯುತ್ತಾನೆ, ಕೂತಲ್ಲಿ ಕೂರುವುದಿಲ್ಲ, ರಾತ್ರಿ 12 ಆದರೂ ನಿದ್ದೆಯಿಲ್ಲ. ವಾರಕ್ಕೆ ಎರಡು ಸಲ ಘಟ್ಟ ಹತ್ತಿ ಥೆರಪಿಗೆ ಹೋಗಿಬರುವುದು ಆಗದ ಮಾತು. ಒಬ್ಬರು ಸುವರ್ಣಪ್ರಾಶನ ಎನ್ನುತ್ತಾರೆ, ಇನ್ನೊಬ್ಬರು ಹಾಲು-ಗೋಧಿ ಬಿಡಿಸಿ ಎನ್ನುತ್ತಾರೆ, ಮತ್ತೊಬ್ಬರು ಸ್ಟೆಮ್ ಸೆಲ್ (ಆಕರ ಕೋಶ ಚುಚ್ಚುವ ಚಿಕಿತ್ಸೆ). ಯಾವುದನ್ನು ಮಾಡುವುದು?

ಚಿಕಿತ್ಸೆಯ ಹೆಸರು ಹಿಡಿದು ಹೊರಡಬೇಡಿ, ತೊಂದರೆ ಹಿಡಿದು ಹೊರಡಿ. ‘ಆಟಿಸಂಗೆ ಯಾವುದು ಒಳ್ಳೆಯದು’ ಎಂದು ಕೇಳಿದರೆ ಎಲ್ಲರೂ ತಮ್ಮತಮ್ಮ ಅಂಗಡಿಯ ಸಾಮಾನನ್ನೇ ತೋರಿಸುತ್ತಾರೆ. ‘ಮಲಗಿದ ಮೇಲೆ ನಿದ್ದೆ ಹತ್ತಲು ಮೂರು ತಾಸು ಬೇಕು, ಅದನ್ನು ಒಂದು ತಾಸಿಗೆ ಇಳಿಸುವುದು ಹೇಗೆ’ ಎಂದು ಕೇಳಿದರೆ ಅರ್ಧಕ್ಕರ್ಧ ಸಲಹೆಗಳು ತಾವಾಗಿಯೇ ಉದುರಿಹೋಗುತ್ತವೆ. ಒಂದು ನೋಟ್‌ಬುಕ್ ಇಡಿ. ಒಂದೇ ಒಂದು ಸಂಗತಿ ಆರಿಸಿ, ಏನೂ ಬದಲಿಸದೆ ಎರಡು ವಾರ ದಿನವೂ ಬರೆಯಿರಿ. ಆಮೇಲೆ ಒಂದು ಬದಲಾವಣೆ ಮಾಡಿ ನಾಲ್ಕು ವಾರ ಬರೆಯಿರಿ. ಎರಡು ಹೊಸದನ್ನು ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ಮೋಸವೂ ಇಲ್ಲಿದೆ. ಈ ಮಕ್ಕಳಿಗೆ ಒಳ್ಳೆಯ ವಾರ, ಕೆಟ್ಟ ವಾರ ಎಂದು ಇದ್ದೇ ಇರುತ್ತದೆ. ನಾವು ಔಷಧಿಗೆ ಓಡುವುದು ತೀರಾ ಕೆಟ್ಟ ವಾರದಲ್ಲಿ. ಮುಂದಿನ ವಾರ ಹೇಗೂ ಸ್ವಲ್ಪ ಸುಧಾರಿಸುತ್ತದೆ, ಹೆಸರು ಮಾತ್ರ ಆ ಪುಡಿಗೆ ಬರುತ್ತದೆ. ಅಂದಹಾಗೆ, ಕೈ ಬಡಿಯುವುದರಿಂದ ಯಾರಿಗೂ ಪೆಟ್ಟಾಗುತ್ತಿಲ್ಲ ಎಂದಾದರೆ ಅದನ್ನು ಆ ನೋಟ್‌ಬುಕ್ಕಿಗೆ ಸೇರಿಸುವುದೇ ಬೇಡ. ಅದು ಅವನು ತನ್ನನ್ನು ಸಮಾಧಾನ ಮಾಡಿಕೊಳ್ಳುವ ದಾರಿ.

ವ್ಯಾಯಾಮದ ಬಗ್ಗೆ ನನಗೆ ಹೆಚ್ಚು ಭರವಸೆಯಿದೆ, ಖರ್ಚೂ ಇಲ್ಲ. ಆದರೆ ಯಾವ ವ್ಯಾಯಾಮ ಎನ್ನುವುದು ಮುಖ್ಯ. 1984ರ ಒಂದು ಅಮೆರಿಕನ್ ಅಧ್ಯಯನದಲ್ಲಿ 15 ನಿಮಿಷ ಎಡೆಬಿಡದೆ ಓಡಿದ ಮೇಲೆ ಮಕ್ಕಳ ಪುನರಾವರ್ತಿತ ಚಲನೆಗಳು ಕಡಿಮೆಯಾದವು. ಅಷ್ಟೇ ಹೊತ್ತು ನಿಧಾನವಾಗಿ ಚೆಂಡಾಡಿದಾಗ ಹಾಗಾಗಲಿಲ್ಲ. ಅಂದರೆ ಏದುಸಿರು ಬರಬೇಕು. ಪರಿಣಾಮ ಇಡೀ ದಿನ ಉಳಿಯುವುದಿಲ್ಲ, ಒಂದೆರಡು ತಾಸಿನಲ್ಲಿ ಇಳಿಯುತ್ತದೆ. ಆದ್ದರಿಂದ ಕೂತು ಮಾಡಬೇಕಾದ ಕೆಲಸ, ಅಂಗನವಾಡಿ, ಚಿತ್ರಪುಸ್ತಕ ಎಲ್ಲವನ್ನೂ ವ್ಯಾಯಾಮದ ಬೆನ್ನಿಗೇ ಇಡಿ.

‘ಓಡು’ ಎಂದರೆ ಅವನು ಓಡುವುದಿಲ್ಲ. ಎಲ್ಲಿಗೆ, ಎಷ್ಟು ಹೊತ್ತು ಎನ್ನುವುದು ಅವನ ಕಣ್ಣಿಗೆ ಕಾಣಬೇಕು. ಅಂಗಳದಲ್ಲಿ ಹದಿನೈದು-ಇಪ್ಪತ್ತು ಮೀಟರ್ ಅಂತರದಲ್ಲಿ ಎರಡು ಹೆಡಿಗೆ ಇಡಿ. ಒಂದರಲ್ಲಿ ಸುಲಿದ ತೆಂಗಿನಕಾಯಿ 5. ಒಂದೊಂದನ್ನೇ ಎತ್ತಿಕೊಂಡು ಓಡಿ ಇನ್ನೊಂದಕ್ಕೆ ಹಾಕುವುದು. ಮೊದಲ ಮೂರು ದಿನ ನೀವೂ ಪಕ್ಕದಲ್ಲಿ ಓಡಿ. ಹೆಡಿಗೆ ಖಾಲಿಯಾದರೆ ಆಟ ಮುಗಿಯಿತು, ‘ಇನ್ನೊಂದು ಸಲ’ ಎಂದು ಎಳೆಯಬೇಡಿ. ಬಹಳ ಮನೆಗಳಲ್ಲಿ ಕೆಡುವುದು ಇಲ್ಲಿಯೇ: ಮಗು ಚೆನ್ನಾಗಿ ಮಾಡಿತು ಎಂದು ಹಿರಿಯರು ಮುಗಿಯುವ ಗುರುತನ್ನೇ ಅಳಿಸಿಬಿಡುತ್ತಾರೆ, ಮರುದಿನ ಅದು ಅಂಗಳಕ್ಕೇ ಇಳಿಯುವುದಿಲ್ಲ. ಮೂರು ದಿನಕ್ಕೆ ಎರಡೆರಡು ಕಾಯಿ ಹೆಚ್ಚಿಸುತ್ತ 15 ನಿಮಿಷ ತುಂಬುವವರೆಗೆ ಹೋಗಿ.

ಭಾರ ಎತ್ತುವ, ನೂಕುವ, ಎಳೆಯುವ ಕೆಲಸ ಸ್ನಾಯು-ಕೀಲುಗಳಿಗೆ ಗಟ್ಟಿ ಸಂದೇಶ ಕೊಡುತ್ತದೆ. ಓ.ಟಿ.ಯವರು (ಆಕ್ಯುಪೇಷನಲ್ ಥೆರಪಿಸ್ಟ್‌ಗಳು) ಇದನ್ನೇ ಬಣ್ಣದ ಸಾಮಾನುಗಳಲ್ಲಿ ಮಾಡಿಸುತ್ತಾರೆ. ಹಿತ್ತಿಲಿರುವ ಮನೆಗೆ ಸಾಮಾನು ಬೇಕಿಲ್ಲ. ಅರ್ಧ ತುಂಬಿದ ಚಿಕ್ಕ ಕೊಡಪಾನದಲ್ಲಿ ಗಿಡಕ್ಕೆ ನೀರು, ಗೋಣಿಚೀಲದಲ್ಲಿ 3 ಕೆಜಿ ಮರಳು ಹಾಕಿ ಎಳೆಯುವುದು, ಒರಳಿನ ಗುಂಡು ತಿರುಗಿಸುವುದಕ್ಕೆ ಕೈ ಜೋಡಿಸುವುದು. ಹೊರುವ ಭಾರ ಮೈತೂಕದ ಹತ್ತನೇ ಒಂದಂಶ ದಾಟದಿರಲಿ. 18 ಕೆಜಿಯ ಮಗುವಿಗೆ ಒಂದೂವರೆ ಕೆಜಿ ಸಾಕು. ಮಳೆಗಾಲದಲ್ಲಿ ಜಗುಲಿಯ ಮೇಲೆ ಗೋಡೆ ನೂಕುವುದು (10 ಎಣಿಸುವವರೆಗೆ, 5 ಸಲ), ಕರಡಿ ನಡಿಗೆ, ಹಳೆ ಹಾಸಿಗೆಯ ಮೇಲೆ ಜಿಗಿಯುವುದು. ಚಾಪೆಯಲ್ಲಿ ಸುತ್ತಿ ಉರುಳಿಸುವುದು ಕೆಲವರಿಗೆ ಬಹಳ ಹಿತ. ತಲೆ, ಕುತ್ತಿಗೆ ಪೂರ್ತಿ ಹೊರಗಿರಲಿ, ಬೇಡವೆಂದು ಕೊಸರಿದ ಕ್ಷಣ ಬಿಡಿಸಿ. ಬೇಸಗೆಯ ಸೆಕೆಯಲ್ಲಿ ಬೆಳಿಗ್ಗೆ 8ರೊಳಗೆ ಅಥವಾ ಸಂಜೆ 5ರ ನಂತರವೇ ಮಾಡಿಸಿ. ಬಾಯಾರಿಕೆ ಎಂದು ಹೇಳಲಾರದ ಮಗು, ನೀವೇ ನೀರು ಕುಡಿಸಬೇಕು.

ಜೋಕಾಲಿ ಬಹಳ ಉಪಯೋಗ, ಜಾಗ್ರತೆಯೂ ಅಷ್ಟೇ ಬೇಕು. ಹಿಂದೆ-ಮುಂದೆ ನಿಧಾನವಾಗಿ ತೂಗಿದರೆ ಶಾಂತವಾಗುತ್ತಾನೆ, ಗಿರಗಿರನೆ ಸುತ್ತಿಸಿದರೆ ಕೆರಳುತ್ತಾನೆ. ಸಂಜೆ ಮೇಲೆ ಸುತ್ತಿಸುವುದು ಬೇಡ. ಮುಖ ಬಿಳಿಚಿದರೆ, ಬೆವೆತರೆ, ಮೇಲಿಂದ ಮೇಲೆ ಆಕಳಿಸಿದರೆ ಸಾಕಾಯಿತು ಎಂದರ್ಥ. ಆಟಿಸಂ ಜೊತೆಗೆ ಫಿಟ್ಸ್ ಇರುವುದು ಅಪರೂಪವಲ್ಲ. ಫಿಟ್ಸ್ ಬಂದಿದ್ದರೆ ಜೋಕಾಲಿ, ಈಜು ಎರಡಕ್ಕೂ ಮೊದಲು ವೈದ್ಯರನ್ನು ಕೇಳಿ.

ಅದೇ ಜೋಕಾಲಿಯಲ್ಲಿ ಮಾತಿನ ಪಾಠವನ್ನೂ ನಡೆಸಬಹುದು. ತೂಗುತ್ತ ತೂಗುತ್ತ ನಿಲ್ಲಿಸಿ. ಏನೂ ಹೇಳದೆ ಮನಸ್ಸಿನಲ್ಲೇ 5 ಎಣಿಸಿ. ಅವನು ನಿಮ್ಮತ್ತ ನೋಡಿದರೆ, ಮೈ ಅಲ್ಲಾಡಿಸಿದರೆ, ‘ಉಂ’ ಎಂದರೂ ಸರಿ, ‘ತೂಗು’ ಎಂದು ಒಂದೇ ಶಬ್ದ ಹೇಳಿ ಮತ್ತೆ ತೂಗಿ. ‘ಏನು ಬೇಕು? ಹೇಳು, ಅಮ್ಮಾ ಅನ್ನು’ ಎಂಬ ಪ್ರಶ್ನೆಗಳ ಸುರಿಮಳೆ ಬೇಡ. ನಿಮ್ಮ ಮಾತು ಅವನ ಮಾತಿಗಿಂತ ಒಂದು ಮೆಟ್ಟಿಲು ಮಾತ್ರ ಮೇಲಿರಲಿ: ಅವನದು ಒಂಟಿ ಶಬ್ದವಾದರೆ ನಿಮ್ಮದು ಎರಡು. ತಂದೆತಾಯಿ ಮೂಲಕವೇ ಮಾಡುವ ಇಂಥ ತರಬೇತಿಯ ಪರೀಕ್ಷೆ ನಡೆದದ್ದು ನಮ್ಮ ಪಕ್ಕದ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ. 2016ರಲ್ಲಿ ಫಲಿತಾಂಶ ಬಂತು. ಕಲಿಸಿದವರು ತಜ್ಞ ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ಆಟದ ವಿಡಿಯೊ ತೆಗೆದು, ಅದನ್ನೇ ತಂದೆತಾಯಿಗೆ ತೋರಿಸಿ, ಎಲ್ಲಿ ಕಾದಿರಿ, ಎಲ್ಲಿ ಅವಸರ ಮಾಡಿದಿರಿ ಎಂದು ಮಾತಾಡುವ ಕ್ರಮ. ಮಕ್ಕಳು ತಾವಾಗಿಯೇ ಸಂವಹನ ಶುರು ಮಾಡುವುದು ಹೆಚ್ಚಿತು. ಫೋನ್ ಇರುವ ಯಾರೂ ದಿನಕ್ಕೆ 10 ನಿಮಿಷ ಇದನ್ನು ಮಾಡಬಹುದು.

ಜೊತೆಗೆ ಚಿತ್ರ. ಅವನಿಗೆ ಜೀವವಾದ ನಾಲ್ಕು ವಸ್ತುಗಳ ಫೋಟೊ, ಬೆಂಕಿಪೊಟ್ಟಣದಷ್ಟು ದೊಡ್ಡದು, ಲ್ಯಾಮಿನೇಟ್ ಮಾಡಿಸಿ. ಶುರುವಿನಲ್ಲಿ ಇಬ್ಬರು ಬೇಕು: ಒಬ್ಬರು ಎದುರಿಗೆ ತಿಂಡಿ ಹಿಡಿದು ಸುಮ್ಮನೆ ಕೂರುವುದು, ಇನ್ನೊಬ್ಬರು ಹಿಂದಿನಿಂದ ಮಗುವಿನ ಕೈ ಹಿಡಿದು ಚಿತ್ರವನ್ನು ಎದುರಿನವರ ಅಂಗೈಗೆ ಇಡಿಸುವುದು. ಇಟ್ಟ ತಕ್ಷಣ ತಿಂಡಿ. ಹಿಂದಿನವರು ಮಾತಾಡಬಾರದು. ಕ್ರಮೇಣ ಕೈ ಸಡಿಲಿಸಿ. ಚಿತ್ರ ಕೊಟ್ಟರೆ ಮಾತು ಬರುವುದೇ ನಿಲ್ಲುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಆದರೆ ಊಟ, ನೀರು ತಡೆಹಿಡಿದು ಚಿತ್ರ ಕೇಳುವ ಕೆಲಸ ಬೇಡ.

ಮನೆಯಲ್ಲಿ ಕೊಂಕಣಿಯೋ ಹವ್ಯಕ ಭಾಷೆಯೋ ಆಡುವವರಿಗೆ ‘ಒಂದೇ ಭಾಷೆ ಆಡಿ, ಇಂಗ್ಲಿಷೇ ಆಡಿ’ ಎಂಬ ಸಲಹೆ ಸಿಗುತ್ತದೆ. ಕೇಳಬೇಡಿ. ಎರಡು ಭಾಷೆ ಕಿವಿಗೆ ಬಿದ್ದರೆ ಆಟಿಸಂ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳುತ್ತದೆ ಎಂದು ಅಧ್ಯಯನಗಳಲ್ಲಿ ಕಂಡಿಲ್ಲ. ಅಜ್ಜಿಗೆ ಬಾರದ ಭಾಷೆಯಲ್ಲಿ ಮಗುವನ್ನು ಮಾತಾಡಿಸಿದರೆ ಅಜ್ಜಿಯ ಮಾತಷ್ಟೂ ನಷ್ಟ.

ಮಾತಿಗೆಂದು ಊದಿಸುವ, ನಾಲಿಗೆ ಹೊರಳಿಸುವ ವ್ಯಾಯಾಮಗಳಿಂದ ಮಾತು ಹುಟ್ಟುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಸೋಪಿನ ಗುಳ್ಳೆ ಊದುವುದು ಆಟವಾಗಿ ಚಂದ, ಅಷ್ಟೇ. ಬಜೆ ತೇಯ್ದು ನಾಲಿಗೆಗೆ ಹಚ್ಚುವುದನ್ನಂತೂ ಬಿಟ್ಟುಬಿಡಿ. ಅದರಲ್ಲಿರುವ ಬೀಟಾ-ಅಸರೋನ್ ಎಂಬ ಅಂಶದಿಂದಾಗಿ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ಮಕ್ಕಳಿಗೆ ವಾಂತಿಯೂ ಆಗುತ್ತದೆ.

ನಿದ್ದೆಗೆ ಮೊದಲು ಹೊಟ್ಟೆ ನೋಡಿ. ಮಲಬದ್ಧತೆ ಈ ಮಕ್ಕಳಲ್ಲಿ ಬಹಳ ಸಾಮಾನ್ಯ, ಬಹಳ ಸಲ ಯಾರ ಗಮನಕ್ಕೂ ಬರುವುದಿಲ್ಲ. ಹೊಟ್ಟೆನೋವು, ಹಲ್ಲುನೋವು, ಕಿವಿನೋವು ಎಂದು ಹೇಳಲಾರದ ಮಗು ರಾತ್ರಿ ಕಿರುಚುತ್ತದೆ, ತಲೆ ಬಡಿದುಕೊಳ್ಳುತ್ತದೆ. ನಡವಳಿಕೆ ಇದ್ದಕ್ಕಿದ್ದಂತೆ ಕೆಟ್ಟರೆ ಥೆರಪಿಗಿಂತ ಮೊದಲು ಮಕ್ಕಳ ವೈದ್ಯರು. ರಕ್ತದಲ್ಲಿ ಕಬ್ಬಿಣಾಂಶ (ಫೆರಿಟಿನ್) ಕಡಿಮೆಯಿದ್ದರೂ ನಿದ್ದೆಯಲ್ಲಿ ಹೊರಳಾಟ ಹೆಚ್ಚು, ಒಮ್ಮೆ ಪರೀಕ್ಷಿಸಿ. ಮಧ್ಯಾಹ್ನ 3ರ ಮೇಲೆ ನಿದ್ದೆ ಬೇಡ. ಜೋರು ಆಟ ಮಲಗುವ ಎರಡು ತಾಸು ಮೊದಲೇ ಮುಗಿಯಲಿ. ಮೊಬೈಲ್, ಟಿವಿ ಒಂದು ತಾಸು ಮೊದಲೇ ಬಂದ್. ಸ್ನಾನ, ಊಟ, ಮಂದ ದೀಪ, ಎಣ್ಣೆ ತಿಕ್ಕುವುದು, ಹಾಸಿಗೆ ಎಂಬ ಕ್ರಮ ದಿನವೂ ಒಂದೇ ಇರಲಿ. ತೆಂಗಿನೆಣ್ಣೆ ತಿಕ್ಕುವಾಗ ಅಂಗೈಯನ್ನು ಪೂರ್ತಿ ಒತ್ತಿ, ಒಂದೇ ದಿಕ್ಕಿನಲ್ಲಿ, ನಿಧಾನವಾಗಿ. ಬೆರಳ ತುದಿಯಲ್ಲಿ ಸವರಿದರೆ ಕಚಗುಳಿಯಾಗಿ ಎದ್ದು ಓಡುತ್ತಾನೆ. ಇಷ್ಟಾದರೂ ಆಗದಿದ್ದರೆ ಮೆಲಟೋನಿನ್ ಎಂಬ ಔಷಧಿ ಇದೆ. ನಿದ್ದೆ ಬೇಗ ಹತ್ತುವುದಕ್ಕೆ ಅದಕ್ಕೆ ಒಳ್ಳೆಯ ಆಧಾರವಿದೆ, ಪ್ರಮಾಣವನ್ನು ವೈದ್ಯರೇ ಹೇಳಬೇಕು. ಭಾರದ ಹೊದಿಕೆ ನಿದ್ದೆಯನ್ನು ಹೆಚ್ಚಿಸಲಿಲ್ಲ ಎಂದು 2014ರ ಬ್ರಿಟಿಷ್ ಪರೀಕ್ಷೆ ತೋರಿಸಿತು. ಕೆಲವು ಮಕ್ಕಳಿಗೆ ಇಷ್ಟ ಹೌದು, ಆದರೆ ತಾನಾಗಿ ಸರಿಸಿಕೊಳ್ಳಲಾರದ ಮಗುವಿಗೆ ಹೊದೆಸಬಾರದು.

ಯೋಗ ಮಾಡಿಸಿ, ತೊಂದರೆಯಿಲ್ಲ: ಮೂರು ಸೂರ್ಯನಮಸ್ಕಾರ, ಒಂದೆರಡು ಆಸನ, ಹತ್ತು ನಿಮಿಷ. ಉಸಿರು ಕಟ್ಟುವ ಪ್ರಾಣಾಯಾಮ ಈ ವಯಸ್ಸಿಗೆ ಬೇಡ. ಸಂಗೀತ ಚಿಕಿತ್ಸೆಯ ದೊಡ್ಡ ಪರೀಕ್ಷೆ 9 ದೇಶಗಳ 364 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾಯಿತು. 5 ತಿಂಗಳಾದರೂ ಮುಖ್ಯ ಲಕ್ಷಣಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಡು ಇಷ್ಟವಾದರೆ ಹಾಡಿ, ದುಡ್ಡು ಸುರಿಯಬೇಡಿ.

ಪಥ್ಯದ ವಿಷಯ. ಕರಾವಳಿಯ ಅನ್ನ-ಸಾರಿನ ಮನೆಯಲ್ಲಿ ಗೋಧಿ ಬಿಟ್ಟರೆ ಹೆಚ್ಚು ನಷ್ಟವಿಲ್ಲ, ಲಾಭವೂ ಇಲ್ಲ. ಹಾಲು-ಮೊಸರು ಬಿಡಿಸಿದರೆ ಮಾತ್ರ ಮೂಳೆಗೆ ಪೆಟ್ಟು. ಮೊದಲೇ ನಾಲ್ಕು ಪದಾರ್ಥ ತಿನ್ನುವ ಮಗು, ಅದರಲ್ಲಿ ಎರಡು ಕಿತ್ತುಕೊಂಡರೆ ಏನುಳಿಯುತ್ತದೆ? ಹಾಲು ನಿಜವಾಗಿಯೂ ಆಗದವರಿಗೆ ರಾಗಿ ಅಂಬಲಿ (100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ), ಮುಳ್ಳುಸಮೇತ ತಿನ್ನುವ ಸಣ್ಣ ಮೀನು.

ಇನ್ನು ಖಡಾಖಂಡಿತವಾಗಿ ಬೇಡ ಎನ್ನುವವು. ಸ್ಟೆಮ್ ಸೆಲ್: ಆಟಿಸಂಗೆ ಇದನ್ನು ಶಿಫಾರಸು ಮಾಡುವಂತಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತಾ ಮಂಡಳಿ 2022ರ ಡಿಸೆಂಬರ್‌ನಲ್ಲೇ ಹೇಳಿದೆ. ಲಕ್ಷಗಟ್ಟಲೆ ಕೇಳುವವರ ಮುಂದೆ ಆ ಮಾತನ್ನೇ ಇಡಿ. ಕೀಲೇಷನ್, ಅಂದರೆ ಮೈಯ ಲೋಹ ತೆಗೆಯುವ ಡ್ರಿಪ್: 2005ರಲ್ಲಿ ಅಮೆರಿಕದಲ್ಲಿ 5 ವರ್ಷದ ಹುಡುಗ ಇದರಿಂದಲೇ ಸತ್ತ, ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯ ನಿಂತಿತು. ಒತ್ತಡದ ಆಮ್ಲಜನಕ ಕೋಣೆಯೂ ಬೇಡ. ಸುವರ್ಣಪ್ರಾಶನದಿಂದ ಆಟಿಸಂ ಲಕ್ಷಣ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ, ಅದರಲ್ಲಿ ಜೇನಿರುವುದರಿಂದ ಮನೆಯಲ್ಲಿ ಒಂದು ವರ್ಷದೊಳಗಿನ ಕೂಸಿದ್ದರೆ ಅದಕ್ಕಂತೂ ನೆಕ್ಕಿಸಬೇಡಿ. ಹೆಸರಿಲ್ಲದ ಪೊಟ್ಟಣದ ಭಸ್ಮಗಳಲ್ಲಿ ಸೀಸ, ಪಾದರಸ ಇರುವ ಅಪಾಯವಿದೆ, ಸೀಸ ಮಿದುಳನ್ನೇ ಕೆಡಿಸುತ್ತದೆ.

ಕಾಗದಪತ್ರ ತಡಮಾಡಬೇಡಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ತಪಾಸಣೆಯ ದಿನ ಯಾವುದೆಂದು ವಿಚಾರಿಸಿ; 40 ಅಂಶಗಳ ಭಾರತೀಯ ಮಾಪನದಲ್ಲಿ ಅಂಕ ಹಾಕುತ್ತಾರೆ. ಅದಾದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಅದರಲ್ಲಿ ಥೆರಪಿಗೂ ಒಂದು ಪಾಲಿದೆ. ಮಾತು, ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ; ತಿಂಗಳಿಗೊಮ್ಮೆ ಹೋಗಿ ಮನೆಪಾಠದ ಪಟ್ಟಿ ತರುವುದು, ವಾರಕ್ಕೆರಡು ಸಲ ಘಟ್ಟ ಹತ್ತಿ ದಣಿಯುವುದಕ್ಕಿಂತ ಮೇಲು.

ಕೊನೆಯದು ನೀರು. ಆಟಿಸಂ ಇರುವ ಬಹಳ ಮಕ್ಕಳಿಗೆ ನೀರೆಂದರೆ ಎಳೆತ, ಹೇಳದೆ ಮನೆಬಿಟ್ಟು ಹೊರಡುವ ಅಭ್ಯಾಸವೂ ಇರುತ್ತದೆ. ಇವೆರಡೂ ಸೇರಿ ನಮ್ಮ ಕಡೆ ದೊಡ್ಡ ಅಪಾಯ. ಬಾವಿಗೆ ಕಟ್ಟೆ ಇದ್ದರೆ ಸಾಲದು, ಕಬ್ಬಿಣದ ಜಾಲರಿ ಮತ್ತು ಬೀಗ ಬೇಕು. ಬಾಗಿಲಿನ ಚಿಲಕ ಅವನ ಕೈಗೆ ಎಟುಕದಷ್ಟು ಮೇಲಿರಲಿ, ಅಂಗಿಯೊಳಗೆ ಫೋನ್ ನಂಬರ್ ಹೊಲಿಯಿರಿ. ಈಜು ಕಲಿಸಿ, ಅದು ಒಳ್ಳೆಯ ವ್ಯಾಯಾಮವೂ ಹೌದು. ಆದರೆ ಕಲಿಸುವುದು ಕೊಳದಲ್ಲಿ, ಒಬ್ಬ ಮಗುವಿಗೆ ಒಬ್ಬರು ಕೈಯಳತೆಯಲ್ಲಿ ನಿಂತು. ಅಲೆಯಲ್ಲಲ್ಲ, ಇಳಿತದ ಹೊತ್ತಿನಲ್ಲಿ ಅಳಿವೆಯಲ್ಲಂತೂ ಅಲ್ಲವೇ ಅಲ್ಲ. ಸಮುದ್ರದ ದಂಡೆಯ ಮರಳಿನಲ್ಲಿ ಕೈಹಿಡಿದು ಓಡಿಸಬಹುದು; ಒಣ ಮರಳು ಕಾಲಿಗೆ ಹೆಚ್ಚು ಕೆಲಸ ಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೂ ಬೇಡ. ಅಕ್ಕಪಕ್ಕದ ನಾಲ್ಕು ಮನೆಗೆ ಈಗಲೇ ಒಂದು ಮಾತು ಹೇಳಿಡಿ: ಮಗು ಕಾಣದಿದ್ದರೆ ಹೆಸರು ಕೂಗುತ್ತ ಕೋಣೆ ಕೋಣೆ ಹುಡುಕಬೇಡಿ, ಅವನು ಓಗೊಡುವುದಿಲ್ಲ. ಒಬ್ಬರು ಬಾವಿಗೆ, ಒಬ್ಬರು ಕೆರೆಗೆ, ಒಬ್ಬರು ದಂಡೆಗೆ ಓಡಿ. ಮನೆಯೊಳಗೆ ಆಮೇಲೆ ನೋಡಿದರಾಯಿತು.