ಹಳ್ಳಿಯವರಿಗೆ ಅರ್ಥವಾದೀತೇ ಎಂದು ಕೇಳಿದವರಿಗೆ

ಓದುಗರ ಪತ್ರ: ಅರಸೀಕೆರೆ ಕಡೆಯಿಂದ ಹೋಗಿ ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಬರೆಯುತ್ತಾರೆ: “2024ರ ನವೆಂಬರ್ ಚುನಾವಣೆಯಲ್ಲಿ ಅಧ್ಯಕ್ಷರ ಆಯ್ಕೆಯ ಜೊತೆಗೆ ನಮ್ಮ ರಾಜ್ಯದ ಹತ್ತು ಪ್ರಸ್ತಾವಗಳಿಗೂ ನಾವೇ ಹೌದು ಅಥವಾ ಬೇಡ ಎನ್ನಬೇಕಿತ್ತು. ಮನೆಗೆ ಬಂದ ಕೈಪಿಡಿ ಓದಲು ಎರಡು ಸಂಜೆ ಹಿಡಿಯಿತು. ಕರ್ನಾಟಕಕ್ಕೆ ಇಂಥದ್ದು ಬರುವುದು ಯಾವಾಗ? ಬಂದರೂ ನಮ್ಮ ಹಳ್ಳಿಯವರಿಗೆ ಎಲ್ಲಿ ಅರ್ಥವಾದೀತು?”

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಹಿಗ್ಗಿದೆ, ಕೊನೆಯ ಸಾಲಿಗೆ ಬಂದಾಗ ಮನಸ್ಸು ಮುದುಡಿತು.

ಹಿಗ್ಗಿನ ಮಾತು ಮೊದಲು. 2023ರ ಮೇ 10ರಂದು ಇಲ್ಲಿ 224 ಕ್ಷೇತ್ರಗಳಿಗೆ ಮತದಾನವಾಯಿತು. ಯಂತ್ರದ ಮೇಲೆ ಹೆಸರು, ಭಾವಚಿತ್ರ, ಚಿಹ್ನೆ, ಕೊನೆಯಲ್ಲಿ ನೋಟಾ. ಕೂಲಿ ಎಷ್ಟಿರಬೇಕು, ಬಾಡಿಗೆಗೆ ಮಿತಿ ಬೇಕೇ ಎಂದು ಅದು ಯಾರನ್ನೂ ಕೇಳಲಿಲ್ಲ. ನಿಮ್ಮನ್ನು ಕೇಳಿದರು. ಬಾಡಿಗೆ ನಿಯಂತ್ರಣವನ್ನು ವಿಸ್ತರಿಸುವ ದಾರಿ ನಿಮ್ಮ ಜನಕ್ಕೆ ಒಪ್ಪಿಗೆಯಾಗಲಿಲ್ಲ. ಕನಿಷ್ಠ ಕೂಲಿಯನ್ನು ಗಂಟೆಗೆ 18 ಡಾಲರ್‌ಗೆ ಏರಿಸುವ ಪ್ರಸ್ತಾವ ಕೂದಲೆಳೆಯಲ್ಲಿ ಸೋತಿತು. ಕಳವು ಮತ್ತು ಮಾದಕವಸ್ತು ಅಪರಾಧಗಳ ಶಿಕ್ಷೆ ಬಿಗಿಯಾಯಿತು. ತೀರ್ಪುಗಳೆಲ್ಲ ನನಗೆ ಒಪ್ಪಿಗೆಯೆಂದಲ್ಲ. ಕೇಳಿದರಲ್ಲ, ಅದು ದೊಡ್ಡದು.

ಈ ಹಕ್ಕು ಬಂದದ್ದು 1911ರಲ್ಲಿ. ಸದರ್ನ್ ಪೆಸಿಫಿಕ್ ರೈಲು ಕಂಪನಿ ಶಾಸನಸಭೆಯನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಕಾಲ. ಗವರ್ನರ್ ಹೈರಮ್ ಜಾನ್ಸನ್ ಮುಂದೆ ನಿಂತು, ಕಾಯ್ದೆ ಮಾಡುವ ಅಧಿಕಾರದ ಒಂದು ಪಾಲನ್ನು ಮತದಾರರ ಕೈಗೇ ಕೊಡಿಸಿದರು. ದುಡ್ಡಿನವರು ಅದರೊಳಕ್ಕೂ ನುಗ್ಗಿದರು, ನಿಜ. 2020ರಲ್ಲಿ ಆ್ಯಪ್ ಕಂಪನಿಗಳು ಚಾಲಕರನ್ನು ನೌಕರರೆಂದು ಪರಿಗಣಿಸದಿರಲು 20 ಕೋಟಿ ಡಾಲರ್‌ಗೂ ಹೆಚ್ಚು ಸುರಿದು ಗೆದ್ದವು. ಆದರೆ ದುಡ್ಡು ಹರಿಯದ ಚುನಾವಣೆ ನಮ್ಮಲ್ಲಾದರೂ ಎಲ್ಲಿದೆ?

ನನ್ನ ಮನಸ್ಸು ಇರುವುದು ನಿಮ್ಮ ಅಡುಗೆಮನೆಯ ಮೇಜಿನ ಮೇಲಿದ್ದ ಆ ಕೈಪಿಡಿಯ ಮೇಲೆ. ಪ್ರತಿ ಪ್ರಸ್ತಾವಕ್ಕೂ ಅದರ ಸಾರಾಂಶ, ಬೊಕ್ಕಸಕ್ಕೆ ಬೀಳುವ ಹೊರೆ, ಪರ ವಾದ, ಅದಕ್ಕೆ ಮರುಮಾತು, ವಿರೋಧ ವಾದ, ಅದಕ್ಕೂ ಮರುಮಾತು. ಇಷ್ಟೆಲ್ಲವನ್ನೂ ಸರ್ಕಾರವೇ ಅಚ್ಚು ಹಾಕಿಸಿ ಮನೆಗೆ ಕಳುಹಿಸುತ್ತದೆ. ನಮ್ಮ ಮನೆ ಬಾಗಿಲಿಗೆ ಬರುವುದು ಕೈಮುಗಿದ ಚಿತ್ರವಿರುವ ಕರಪತ್ರ.

ಈಗ ನಿಮ್ಮ ಕೊನೆಯ ಸಾಲು. ನಮ್ಮೂರ ಶಾಲೆಯ ಜಗುಲಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಗ್ರಾಮಸಭೆ ನಡೆದಿತ್ತು, ಕಾಂಕ್ರೀಟ್ ರಸ್ತೆಯ ಅಂದಾಜು ಓದಿ ಮುಗಿಸುವ ಅವಸರ. ಹಿಂದಿನ ಸಾಲಿನಿಂದ ಎದ್ದ ಮುದುಕಿಯೊಬ್ಬರು, “ಕೆರೆಯ ತೂಬು ಸೋರುತ್ತಿದೆ, ಕೊನೆಯ ಗದ್ದೆಗೆ ನೀರು ತಲುಪದೆ ಮೂರು ವರ್ಷವಾಯಿತು. ರಸ್ತೆ ಮೇಲೆ ಏನನ್ನು ಹೊತ್ತು ತರಲಿ?” ಎಂದರು. ಆ ವರ್ಷ ತೂಬು ರಿಪೇರಿಯಾಯಿತು. ಅವರು ಹಾಜರಿ ಪುಸ್ತಕದಲ್ಲಿ ಒತ್ತಿದ್ದು ಹೆಬ್ಬೆಟ್ಟು. ಅರ್ಥವಾಗದವರು ಯಾರು, ಹೇಳಿ?

ಒಡಿಶಾದ ನಿಯಮಗಿರಿ ಬೆಟ್ಟದ ಬುಡಕಟ್ಟು ಜನರಾದ ಡೊಂಗ್ರಿಯಾ ಕೊಂಧರನ್ನೂ ನೆನೆಯಿರಿ. 2013ರಲ್ಲಿ ಸುಪ್ರೀಂ ಕೋರ್ಟ್ ಬಾಕ್ಸೈಟ್ ಗಣಿಯ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡಿ ಎಂದಿತು. ಹನ್ನೆರಡು ಸಭೆಗಳು ಕೂಡಿದವು, ಹನ್ನೆರಡೂ ಬೇಡವೆಂದವು. ಗಣಿ ತೋಡಲು ಹೊರಟಿದ್ದ ವೇದಾಂತದಂಥ ದೊಡ್ಡ ಕಂಪನಿಗೂ ಬೆಟ್ಟ ದಕ್ಕಲಿಲ್ಲ.

ಹಾಗಾಗಿ ಕರ್ನಾಟಕಕ್ಕೆ ಯಾವಾಗ ಬರುತ್ತದೆ ಎಂದು ಕೇಳಬೇಡಿ. 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಗ್ರಾಮಸಭೆ ಇದೆ. ಎಷ್ಟೋ ಕಡೆ ಅದು ಮನೆಮನೆಗೆ ಪುಸ್ತಕ ಒಯ್ದು ಸಹಿ ಹಾಕಿಸಿಕೊಳ್ಳುವ ಶಾಸ್ತ್ರವಾಗಿದೆ ಎಂಬುದೇ ನನ್ನ ಸಂಕಟ. ಅದಕ್ಕಿಂತ ಮೇಲಿನ ಕಥೆ ಇನ್ನೂ ಕಷ್ಟ. ಐದು ವರ್ಷ ತುಂಬುವ ಮೊದಲೇ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳುತ್ತದೆ. ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರಲ್ಲಿ ಮುಗಿಯಿತು, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳದ್ದು 2021ರಲ್ಲಿ. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಗತಿ. ಅಧಿಕಾರದಲ್ಲಿ ಪಕ್ಷ ಬದಲಾದರೂ ಈ ಚಾಳಿ ಬದಲಾಗಲಿಲ್ಲ. ವಿಷಯವನ್ನು ಕೇಳುವುದಿರಲಿ, ಹೆಸರನ್ನು ಕೇಳುವುದಕ್ಕೂ ಇವರಿಗೆ ಮನಸ್ಸಿಲ್ಲ.

ನಿಮ್ಮಿಂದ ಒಂದು ಉಪಕಾರ ಬೇಕು. ಆ ಕೈಪಿಡಿಯನ್ನು ರದ್ದಿಗೆ ಹಾಕಿರದಿದ್ದರೆ ಅಂಚೆಯಲ್ಲಿ ಕಳುಹಿಸಿಕೊಡಿ. ಬಾಡಿಗೆ ಪ್ರಸ್ತಾವದ ಪರ, ವಿರೋಧ ಎರಡೂ ವಾದಗಳನ್ನು ಕನ್ನಡಕ್ಕಿಳಿಸಿ ಮುಂದಿನ ಸಂಚಿಕೆಯೊಂದರಲ್ಲಿ ಅಚ್ಚು ಹಾಕುತ್ತೇವೆ. ಒಂದು ಪ್ರತಿಯನ್ನು ಆ ಮುದುಕಿಗೆ ನಾನೇ ಓದಿ ಹೇಳುತ್ತೇನೆ.