ವೆಬ್‌ಸೈಟ್‌ನ ಹೆಡರ್, ಸೈಡ್‌ಬಾರ್, ಫೂಟರ್ ಇವನ್ನೆಲ್ಲ ಸಾಮಾನ್ಯ ಜನಕ್ಕೆ ಕನ್ನಡದಲ್ಲಿ ಹೇಗೆ ಹೇಳುವುದು?

ನಮಸ್ಕಾರ. ನಿಮ್ಮ ಪತ್ತಿನ ಸಹಕಾರ ಸಂಘದ ವೆಬ್‌ಸೈಟ್‌ಗೆ ಸದಸ್ಯರಿಗಾಗಿ ಕೈಪಿಡಿ ಬರೆಯುತ್ತಿದ್ದೀರಿ. ಪುಟದ ಮೇಲ್ಭಾಗದ ಹೆಡರ್‌ಗೆ ‘ಶಿರೋಭಾಗ’, ಪಕ್ಕದ ಸೈಡ್‌ಬಾರ್‌ಗೆ ‘ಪಾರ್ಶ್ವಪಟ್ಟಿ’ ಎಂದು ಬರೆಯಲೇ, ಇಂಗ್ಲಿಷ್ ಪದವನ್ನೇ ಇಡಲೇ ಎಂದು ಕೇಳಿದ್ದೀರಿ. ‘ಶಿರೋಭಾಗದ ಬಲಪಾರ್ಶ್ವದ ಮೆನುವಿನಲ್ಲಿ ಸದಸ್ಯರ ಲಾಗಿನ್ ಆಯ್ಕೆಮಾಡಿ’ ಎನ್ನುವ ನಿಮ್ಮ ಸಾಲನ್ನೂ ಕೊಟ್ಟಿದ್ದೀರಿ.

ನನ್ನ ಮಟ್ಟಿಗೆ ಎರಡೂ ಬೇಡ. ಹೆಡರ್, ಸೈಡ್‌ಬಾರ್, ಫೂಟರ್ ಪುಟ ಕಟ್ಟುವವರ ಮಾತು. ಮನೆ ಕಟ್ಟುವವರಿಗೆ ಲಿಂಟಲ್, ಪ್ಯಾರಾಪೆಟ್ ಎಂಬ ಹೆಸರು ಬೇಕು. ಮನೆಗೆ ಬಂದ ನೆಂಟರಿಗೆ ಬಚ್ಚಲು ಎಲ್ಲಿದೆ ಅಂತ ಗೊತ್ತಾದರೆ ಸಾಕು. ನಿಮ್ಮ ಸದಸ್ಯರು ಬಂದಿರುವುದು ಸಾಲದ ಬಾಕಿ ನೋಡಲಿಕ್ಕೆ. ಅವರಿಗೆ ಯಾವುದನ್ನು ಒತ್ತಬೇಕು ಅಂತ ಹೇಳಿ.

ನಾನು ನಾಲ್ಕು ವರ್ಷ ಒಂದು ಕಚೇರಿಯಲ್ಲಿ ಇದೇ ಕೆಲಸ ಮಾಡಿದ್ದೇನೆ. ಆನ್‌ಲೈನ್ ಅರ್ಜಿ ತುಂಬುವವರಿಗೆ ಸೂಚನೆ ಬರೆಯುವುದು, ಅದು ಅರ್ಥವಾಗದೆ ಫೋನ್ ಮಾಡಿದವರಿಗೆ ಬಿಡಿಸಿ ಹೇಳುವುದು. ಒಂದು ದಿನ ಒಬ್ಬರಿಗೆ ‘ಬಲಗಡೆ ಹಸಿರು ಬಟನ್ ಇದೆಯಲ್ಲ, ಅದನ್ನು ಒತ್ತಿ ಸರ್’ ಅಂದೆ. ಅವರು ಸಮಾಧಾನವಾಗಿ, ‘ಮೇಡಂ, ನನಗೆ ಕಣ್ಣು ಕಾಣಲ್ಲ. ಫೋನು ಓದಿ ಹೇಳತ್ತೆ. ಅದರ ಮೇಲೆ ಏನು ಬರೆದಿದೆ ಹೇಳಿ, ಹುಡುಕ್ಕೊಳ್ತೀನಿ’ ಅಂದರು. ಬಟನ್ ಮೇಲೆ ‘ಮುಂದುವರಿಸಿ’ ಎಂದಿತ್ತು. ಹೇಳಿದೆ. ಅರೆ ನಿಮಿಷದಲ್ಲಿ ಕೆಲಸ ಮುಗಿಯಿತು. ಅವತ್ತಿನಿಂದ ನಾನು ಬರೆಯುವ ರೀತಿಯೇ ಬದಲಾಯಿತು.

ಹಾಗಾಗಿ ಮೊದಲು ಅದರ ಮೇಲೆ ಬರೆದಿರುವ ಮಾತು ಬರಲಿ. ಎಲ್ಲಿದೆ ಅನ್ನುವುದು ಆಮೇಲೆ, ಹುಡುಕಲು ಸಹಾಯಕ್ಕೆ. ಬಣ್ಣ, ಆಕಾರ ಕೊನೆಗೆ. ಎಲ್ಲರಿಗೂ ಬಳಸಲು ಬರುವ ಹಾಗೆ ವೆಬ್ ಪುಟ ಮಾಡಲು ಡಬ್ಲ್ಯೂಸಿಎಜಿ ಎಂಬ ಅಂತರರಾಷ್ಟ್ರೀಯ ಸೂಚನೆಗಳಿವೆ. 2008ರಲ್ಲಿ ಬಂದ ಅದರ 2.0 ಆವೃತ್ತಿಯ 1.3.3ನೇ ಅಂಶವೂ ಇದನ್ನೇ ಕೇಳುತ್ತದೆ. ಬರೀ ಆಕಾರ, ಗಾತ್ರ, ಜಾಗ ನಂಬಿಕೊಂಡು ಸೂಚನೆ ಕೊಡಬೇಡಿ ಅಂತ. ಬಟನ್ ಮೇಲೆ ‘ಸಬ್‌ಮಿಟ್’ ಅಂತಿದ್ದರೆ ನೀವೂ ‘ಸಬ್‌ಮಿಟ್’ ಅಂತಲೇ ಬರೆಯಿರಿ. ಚೆನ್ನಾಗಿರುತ್ತೆ ಅಂತ ‘ಸಲ್ಲಿಸಿ’ ಮಾಡಿದರೆ ಜನ ಪರದೆಯಲ್ಲಿ ‘ಸಲ್ಲಿಸಿ’ಯನ್ನೇ ಹುಡುಕುತ್ತಾ ಕೂರುತ್ತಾರೆ. ಕನ್ನಡದಲ್ಲೇ ಇರಬೇಕು ಎನ್ನುವ ಆಸೆ ನನಗೂ ಇದೆ. ಅದಕ್ಕೆ ಬಟನ್ ಮಾಡಿದವರ ಹತ್ತಿರ ಹೋಗಿ ಬಟನ್ನನ್ನೇ ಕನ್ನಡ ಮಾಡಿಸಬೇಕು.

ಜಾಗದ ವಿಷಯ ನೀವಂದುಕೊಂಡಷ್ಟು ಸುಲಭ ಅಲ್ಲ. ಕಂಪ್ಯೂಟರಿನಲ್ಲಿ ಬಲಗಡೆ ಇರುವ ಪಟ್ಟಿ ಫೋನಿನಲ್ಲಿ ಸಾಮಾನ್ಯವಾಗಿ ಕೆಳಗೆ ಜಾರಿರುತ್ತದೆ. ಇಲ್ಲವೇ ಮೆನುವಿನ ಒಳಗೆ ಅಡಗಿರುತ್ತದೆ. ಪರದೆಯ ಅಗಲಕ್ಕೆ ತಕ್ಕಂತೆ ಪುಟ ತಾನೇ ಹೊಂದಿಕೊಳ್ಳುವ ಈ ಪದ್ಧತಿಗೆ 2010ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಗಾರರು ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂದು ಹೆಸರಿಟ್ಟರು. ಬಳಸುವವರಿಗೆ ತುಂಬ ಒಳ್ಳೆಯದಾಯಿತು. ಕೈಪಿಡಿ ಬರೆಯುವವರಿಗೆ ಮಾತ್ರ ‘ಬಲಗಡೆ’ ಎನ್ನುವ ಮಾತು ಕೈತಪ್ಪಿತು. ಬ್ರೌಸರಿನಲ್ಲಿ ವೆಬ್‌ಸೈಟಿನ ವಿಳಾಸ ಬರೆಯುವ ಅಡ್ರೆಸ್ ಬಾರ್ ಕೂಡ ಅಷ್ಟೆ. ‘ಎಲ್ಲಕ್ಕಿಂತ ಮೇಲೆ ಇರುತ್ತೆ’ ಅಂತ ಧೈರ್ಯವಾಗಿ ಬರೆಯುತ್ತಿದ್ದೆ. 2021ರಲ್ಲಿ ಬಂದ ಐಫೋನಿನ ತಂತ್ರಾಂಶ ಐಒಎಸ್ 15ರಿಂದ ಅದರ ಸಫಾರಿ ಬ್ರೌಸರಿನಲ್ಲಿ ಅದು ಕೆಳಗೆ ಬಂತು. ನಿಮ್ಮ ಸದಸ್ಯರಲ್ಲಿ ಫೋನಿನಲ್ಲೇ ನೋಡುವವರು ಜಾಸ್ತಿ ಇದ್ದರೆ ಫೋನನ್ನು ಎದುರಿಗಿಟ್ಟುಕೊಂಡು ಬರೆಯಿರಿ, ಕಂಪ್ಯೂಟರಿನವರಿಗೆ ಬೇರೆ ಸಾಲು ಕೊಡಿ.

ಇನ್ನೊಂದು ಗೊಂದಲ ‘ಕೆಳಗೆ’ ಅನ್ನುವ ಪದದ್ದು. ಪರದೆಯ ಕೆಳಗೋ, ಪುಟದ ಕೆಳಗೋ? ಫೂಟರ್ ಇರುವುದು ಪುಟದ ಕೊನೆಯಲ್ಲಿ. ‘ಕೆಳಗೆ ನೋಡಿ’ ಅಂದರೆ ಜನ ಫೋನಿನ ತುದಿಯನ್ನು ನೋಡುತ್ತಾರೆ, ಅಲ್ಲೇನೂ ಇರುವುದಿಲ್ಲ. ನಾನು ‘ಪುಟದ ಕೊನೆಯವರೆಗೂ ಹೋಗಿ’ ಅಂತ ಬರೆಯುತ್ತೇನೆ. ಸ್ಕ್ರೋಲ್ ಮಾಡುವುದನ್ನು ಒಮ್ಮೆ, ಮೊದಲನೇ ಸಲ ಮಾತ್ರ, ಬಿಡಿಸಿ ಹೇಳುತ್ತೇನೆ: ‘ಬೆರಳನ್ನು ಪರದೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಸವರಿ. ಮುಂದಿನ ಭಾಗ ಕಾಣುತ್ತದೆ.’ ‘ಪುಟವನ್ನು ಕೆಳಗೆ ಸರಿಸಿ’ ಅಂತ ಬರೆದರೆ ಬೆರಳನ್ನೇ ಕೆಳಗೆ ಎಳೆಯುವವರಿದ್ದಾರೆ. ಆಗ ಎಷ್ಟೋ ಸಲ ಪುಟ ಮತ್ತೆ ಮೊದಲಿಂದ ಲೋಡ್ ಆಗಿ, ತುಂಬಿದ್ದೆಲ್ಲ ಹೋಗುತ್ತದೆ. ಮುಕ್ಕಾಲು ಅರ್ಜಿ ತುಂಬಿ ಹೀಗೆ ಕಳೆದುಕೊಂಡ ಒಬ್ಬ ಅಮ್ಮನ ದನಿ ನನಗಿನ್ನೂ ನೆನಪಿದೆ.

ಹ್ಯಾಂಬರ್ಗರ್ ಮೆನು ಬಗ್ಗೆ ಕೇಳಿದ್ದೀರಿ. ಆ ಹೆಸರು ಪೂರ್ತಿ ಬಿಡಿ. ಬನ್ನು ತಿನ್ನದವರಿಗೆ ಅದು ಏನೂ ಹೇಳುವುದಿಲ್ಲ. ‘ಮೂರು ಅಡ್ಡಗೆರೆ’ ಅನ್ನಿ. ಈ ಗುರುತನ್ನು ಮಾಡಿದವರು ನಾರ್ಮ್ ಕಾಕ್ಸ್, 1981ರಲ್ಲಿ ಬಂದ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗೆ. ಒಂದರ ಕೆಳಗೊಂದು ಸಾಲು ಬರೆದ ಪಟ್ಟಿಯ ಚಿತ್ರ ಅದು. ಹಾಗಾಗಿ ‘ಮೂರು ಅಡ್ಡಗೆರೆ ಒತ್ತಿ, ಪಟ್ಟಿ ಬಿಚ್ಚಿಕೊಳ್ಳುತ್ತದೆ’ ಅಂದರೆ ಚಿತ್ರಕ್ಕೂ ಮಾತಿಗೂ ಸರಿಹೊಂದುತ್ತದೆ. ಆದರೆ ಫೋನು ಓದಿ ಹೇಳುವುದನ್ನು ಕೇಳಿಸಿಕೊಳ್ಳುವವರಿಗೆ ಗೆರೆ ಕಾಣುವುದಿಲ್ಲ, ಅಲ್ವಾ? ಅವರಿಗೆ ಕೇಳಿಸುವುದು ಪುಟ ಕಟ್ಟಿದವರು ಅದಕ್ಕೆ ಕೊಟ್ಟಿರುವ ಹೆಸರು, ಸಾಮಾನ್ಯವಾಗಿ ‘ಮೆನು’. ಎರಡನ್ನೂ ಜೊತೆಗೇ ಬರೆಯಿರಿ.

ಪಾಪ್‌ಅಪ್‌ಗೆ ‘ಪುಟದ ಮೇಲೆ ಎದ್ದು ಬರುವ ಚೀಟಿ’ ಎನ್ನುತ್ತೇನೆ. ಅದನ್ನು ಮುಚ್ಚಲು ‘ಮೂಲೆಯಲ್ಲಿರುವ ಇಂಟು ಮಾರ್ಕ್’. ಎಲ್ಲರ ಬಾಯಲ್ಲೂ ಇರುವುದು ಅದೇ. ಡ್ರಾಪ್‌ಡೌನ್ ಅಂದರೆ ‘ಬಾಣದ ಗುರುತಿರುವ ಪೆಟ್ಟಿಗೆ’. ಅರ್ಜಿಯಲ್ಲಿ ದುಂಡಗಿನ ಗುರುತು ಇದ್ದರೆ ಒಂದನ್ನೇ ಆರಿಸಬೇಕು, ಚೌಕ ಇದ್ದರೆ ಎಷ್ಟು ಬೇಕಾದರೂ ಆರಿಸಬಹುದು. ಈ ವ್ಯತ್ಯಾಸ ಜನಕ್ಕೆ ತಾನಾಗಿ ತಿಳಿಯುವುದಿಲ್ಲ. ದುಂಡಗಿನದಕ್ಕೆ ರೇಡಿಯೋ ಬಟನ್ ಎಂಬ ಹೆಸರು ಬಂದಿದ್ದು ಹಳೇ ಕಾರ್ ರೇಡಿಯೋಗಳಿಂದ. ಒಂದು ಗುಂಡಿ ಒತ್ತಿದರೆ ಮೊದಲು ಒತ್ತಿದ್ದು ಮೇಲೆ ಬರುತ್ತಿತ್ತು. ಕೈಪಿಡಿಯಲ್ಲಿ ‘ಒಂದನ್ನು ಮಾತ್ರ ಆರಿಸಿ’ ಎಂದು ಬರೆದರೆ ಸಾಕು.

‘ಕ್ಲಿಕ್ ಮಾಡಿ’ ಬದಲು ‘ಒತ್ತಿ’ ಅಂತ ಬರೆಯಿರಿ, ಫೋನಿಗೂ ಮೌಸಿಗೂ ಆಗುತ್ತದೆ. ಕೆಲವು ಹಿರಿಯರು ಒತ್ತಿ ಹಿಡಿದುಬಿಡುತ್ತಾರೆ, ಆಗ ಬೇರೆಯೇ ಪಟ್ಟಿ ತೆರೆಯುತ್ತದೆ. ಅದಕ್ಕೆ ಮೊದಲ ಪುಟದಲ್ಲೇ ‘ಒತ್ತಿ, ತಕ್ಷಣ ಬೆರಳು ತೆಗೆಯಿರಿ’ ಅಂತ ಒಂದು ಸಾಲು ಹಾಕಿ.

ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಒಬ್ಬರಿಗೆ ಫೋನಿನಲ್ಲಿ ಓದಿ ಹೇಳಿ. ಅವರ ಪರದೆ ನಿಮಗೆ ಕಾಣಬಾರದು. ಅವರು ‘ಎಲ್ಲಿ?’ ಅಂತ ಕೇಳಿದ ಕಡೆಯಲ್ಲೆಲ್ಲ ಗುರುತು ಹಾಕಿಕೊಳ್ಳಿ, ಆ ಸಾಲುಗಳನ್ನು ತಿದ್ದಿ.

ನಿಮ್ಮ ಸಾಲನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಪುಟದ ಮೇಲ್ಭಾಗದಲ್ಲಿ ಮೆನು (ಮೂರು ಅಡ್ಡಗೆರೆ) ಇದೆ. ಅದನ್ನು ಒತ್ತಿ. ಒಂದು ಪಟ್ಟಿ ಬರುತ್ತದೆ. ಅದರಲ್ಲಿ “ಸದಸ್ಯರ ಲಾಗಿನ್” ಎಂದಿರುವುದನ್ನು ಒತ್ತಿ.’ ಕಂಪ್ಯೂಟರಿನಲ್ಲಿ ಅದು ಹೇಗೆ ಕಾಣುತ್ತದೆ ಅಂತ ಕಾಮೆಂಟಿನಲ್ಲಿ ತಿಳಿಸಿದರೆ ಅದಕ್ಕೂ ಒಂದು ಸಾಲು ಬರೆದುಕೊಡುತ್ತೇನೆ.