ಮೀನು ಆರಾಮಾಗಿವೆ, ಬಸವನಹುಳು ಸಾಯುತ್ತಿವೆ: ನನ್ನ ಹೊಸ ರೀಫ್ ಟ್ಯಾಂಕಿನ ನೀರಿಗೆ ಏನಾಗಿದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಶಿವಮೊಗ್ಗದ ಮನೆಯಲ್ಲಿ 120 ಲೀಟರಿನ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್, ಇಟ್ಟು ಏಳು ವಾರ. ಎರಡು ಕ್ಲೌನ್ ಮೀನು ಚೆನ್ನಾಗಿ ತಿನ್ನುತ್ತಿವೆ. ಐದು ಬಸವನಹುಳುಗಳಲ್ಲಿ ಮೂರು ಸತ್ತವು. ಜೊಯಾಂಥಿಡ್ (ಹವಳದ ಬಳಗದ, ಹೂವಿನಂತೆ ಅರಳುವ ಜೀವಿ) ಹತ್ತು ದಿನದಿಂದ ಮುಚ್ಚಿಕೊಂಡೇ ಇದೆ. ಮರಳಿನ ಮೇಲೆ ಕಂದು ಬಣ್ಣ. ಅಮೋನಿಯಾ 0.25 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಅಷ್ಟು ಪಾಲು), ನೈಟ್ರೇಟ್ 40 ಪಿಪಿಎಂ, ಪಿಎಚ್ 7.8. ಅಡುಗೆಮನೆಯ ಹೊಸ ‘ಕಾಪರ್’ ಆರ್‌ಒ ನೀರಿಗೆ ಉಪ್ಪು ಕಲಸಿ ಎರಡು ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದೀರಿ. ಅಂಗಡಿಯವರು ಬ್ಯಾಕ್ಟೀರಿಯಾ ಬಾಟಲಿ, ಪಿಎಚ್ ಏರಿಸುವ ಪುಡಿ ಎರಡೂ ಕೊಟ್ಟಿದ್ದಾರೆ. ಯಾವುದನ್ನು ಮೊದಲು ಹಾಕಲಿ ಅಂತ ಕೇಳಿದ್ದೀರಿ.

ಸದ್ಯಕ್ಕೆ ಎರಡೂ ಬೇಡ. ಆ ಆರ್‌ಒ ನೀರು ಹಾಕುವುದನ್ನೂ ಇವತ್ತೇ ನಿಲ್ಲಿಸಿ. ನೀವು ಬರೆದ ಅಂಕಿಗಳೆಲ್ಲ ಇರಲಿ, ನನ್ನ ಕಣ್ಣಿಗೆ ಚುಚ್ಚಿದ್ದು ‘ಕಾಪರ್’ ಅನ್ನುವ ಒಂದು ಪದ.

ಅಡಿಕೆ ತೋಟದವರಿಗೆ ತಾಮ್ರದ ಶಕ್ತಿ ಹೇಳಿಕೊಡಬೇಕಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದಲ್ಲಿ ಕೆಲಸ ಮಾಡುವುದು ತಾಮ್ರವೇ. ಮೀನು ಒಂದು ಮಟ್ಟದವರೆಗೆ ಅದನ್ನು ತಡೆದುಕೊಳ್ಳುತ್ತದೆ. ಸಮುದ್ರ ಮೀನಿಗೆ ಬಿಳಿಚುಕ್ಕೆ ರೋಗ ಬಂದರೆ ಬೇರೆ ತೊಟ್ಟಿಗೆ ಹಾಕಿ 0.15ರಿಂದ 0.2 ಪಿಪಿಎಂ ತಾಮ್ರದ ಮದ್ದನ್ನೇ ಕೊಡುತ್ತಾರೆ. ಬಸವನಹುಳು, ಸೀಗಡಿ, ಹವಳ ಇವಕ್ಕೆ ಅಷ್ಟು ತಾಮ್ರ ಅಂದರೆ ಸಾವು. ತಮಾಷೆ ನೋಡಿ, ನಮ್ಮ ರಕ್ತದಲ್ಲಿ ಕಬ್ಬಿಣ ಇರುವ ಹಾಗೆ ಬಸವನಹುಳುವಿನ ರಕ್ತದಲ್ಲಿ ಇರುವುದು ತಾಮ್ರ. ಆದರೂ ನೀರಿನಲ್ಲಿ ಒಂಚೂರು ಜಾಸ್ತಿಯಾದರೆ ಅದಕ್ಕೆ ಆಗಿಬರುವುದಿಲ್ಲ. ಅದಕ್ಕೇ ಮೀನು ತಿಂದುಂಡು ಓಡಾಡಿಕೊಂಡಿದ್ದು ಹುಳು ಮಾತ್ರ ಸಾಯುತ್ತಿದ್ದರೆ, ನಾನು ಮೊದಲು ಹುಡುಕುವುದು ತಾಮ್ರವನ್ನ.

ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡು. ನಮ್ಮದು ತೀರ್ಥಹಳ್ಳಿ ಕಡೆ ಮನೆ. ಟ್ಯಾಂಕ್ ಇಟ್ಟ ಮೊದಲ ವರ್ಷ, ಜುಲೈ ತಿಂಗಳು, ಮಳೆ ಬಿಟ್ಟಿರಲಿಲ್ಲ. ಬಕೆಟಿನಲ್ಲಿ ಉಪ್ಪು ಕಲಸಿಟ್ಟಿದ್ದೆ, ಕೈ ಇಟ್ಟರೆ ಕೊರೆಯುತ್ತಿತ್ತು. ಬಕೆಟಿನ ಹೀಟರ್ ಕೆಟ್ಟಿತ್ತು. ಬಚ್ಚಲ ಒಲೆಯ ಮೇಲೆ ತಾಮ್ರದ ಹಂಡೆ ಕಾಯುತ್ತಿತ್ತಲ್ಲ, ಎರಡು ಚೊಂಬು ಬಿಸಿನೀರು ತಂದು ಸುರಿದೆ. ಥರ್ಮಾಮೀಟರಿನಲ್ಲಿ ಸರಿಯಾಗಿ 25 ಡಿಗ್ರಿ. ನಾನೆಷ್ಟು ಬುದ್ಧಿವಂತ ಅಂದುಕೊಂಡೆ. ಹಿಂದಿನ ದಿನವಷ್ಟೇ ಅಮ್ಮ ಹಂಡೆಯ ಒಳಗೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದ್ದರು, ಹೊಸ ಐದು ಪೈಸೆಯ ಹಾಗೆ ಹೊಳೆಯುತ್ತಿತ್ತು. ಮಾರನೇ ಬೆಳಿಗ್ಗೆ ನೋಡಿದರೆ ಸೀಗಡಿ ಬಿಳುಚಿಕೊಂಡು ಪಂಪಿನ ಜಾಲರಿಗೆ ಅಂಟಿಕೊಂಡಿತ್ತು. ಬಸವನಹುಳುಗಳು ಮರಳಿನ ಮೇಲೆ ಅಂಗಾತ ಬಿದ್ದಿದ್ದವು, ಮೈ ಅರ್ಧ ಚಿಪ್ಪಿನಿಂದ ಹೊರಗೆ ಜೋತಿತ್ತು. ಕ್ಲೌನ್‌ಗಳು ಮಾತ್ರ ಗಾಜಿನ ಹತ್ತಿರ ಬಂದು ತಿಂಡಿ ಕೇಳುತ್ತಿದ್ದವು.

ಅಮೋನಿಯಾ ಸೊನ್ನೆ, ಉಪ್ಪು ಸರಿ, ಎಲ್ಲಾ ಸರಿ. ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಕೊನೆಗೆ ಹೊಳೆದದ್ದು ಬಚ್ಚಲಲ್ಲೇ, ಅದೇ ಹಂಡೆಯ ಮುಂದೆ ಕೂತು ಮೀಯುವಾಗ. ಮಲೆನಾಡಿನ ನೀರು ಮೆದು, ಖನಿಜ ಕಡಿಮೆ. ಇಂಥ ನೀರು, ಅದೂ ಕಾದಾಗ, ಲೋಹವನ್ನು ಸಲೀಸಾಗಿ ಕರಗಿಸಿಕೊಳ್ಳುತ್ತದೆ.

ನಿಮ್ಮ ಮನೆಯಲ್ಲಿ ಹಂಡೆಯ ಕೆಲಸವನ್ನು ಪ್ಯೂರಿಫೈಯರ್ ಮಾಡುತ್ತಿರಬಹುದು ಅನ್ನುವುದು ನನ್ನ ಅನುಮಾನ. ಆರ್‌ಒ ಮೆಂಬ್ರೇನಿನದು ತಪ್ಪಿಲ್ಲ, ಅದು ಕರಗಿದ ಲವಣಗಳಲ್ಲಿ ಬಹುಪಾಲನ್ನು ತಡೆಯುತ್ತದೆ. ಅದಾದ ಮೇಲೆ ಶುರು ತೊಂದರೆ. ಕುಡಿಯೋಕೆ ರುಚಿಯಾಗಲಿ ಅಂತ ಕೆಲವು ಮಾಡೆಲ್‌ಗಳು ಖನಿಜ ಬೆರೆಸುತ್ತವೆ. ಕೆಲವು ಮೆಂಬ್ರೇನ್ ದಾಟದ ನೀರನ್ನೇ ಒಂದಿಷ್ಟು ವಾಪಸ್ ಸೇರಿಸುತ್ತವೆ. ಟಿಡಿಎಸ್ (ನೀರಿನಲ್ಲಿ ಕರಗಿದ್ದರ ಒಟ್ಟು ಪ್ರಮಾಣ) ಕಂಟ್ರೋಲರ್ ಅನ್ನುವ ಪುಟ್ಟ ತಿರುಪು ಇರುತ್ತದಲ್ಲ, ಅದರ ಕೆಲಸ ಇದೇ. ಕಾಪರ್ ಮಾಡೆಲ್ ಆದರೆ ಬೇಕೆಂದೇ ತಾಮ್ರ ಸೇರಿಸುತ್ತವೆ. ಮನೆಯವರ ಆರೋಗ್ಯಕ್ಕೆ ಅಂತ ತಂದದ್ದು ಹುಳುವಿಗೆ ವಿಷ.

ಗಂಗಾ ಸ್ನಾನ, ತುಂಗಾ ಪಾನ ಅಂತಾರೆ. ನಮ್ಮನ್ನು ದಾರಿ ತಪ್ಪಿಸುವುದೂ ಅದೇ ಹೆಮ್ಮೆ. ಇಷ್ಟು ಸಿಹಿ ನೀರಿಗೆ ಇನ್ನೇನು ಸೋಸುವುದು ಅನಿಸುತ್ತದೆ. ಟಿಡಿಎಸ್ ಮೀಟರ್ ಕೂಡ ಸಣ್ಣ ಅಂಕಿಯನ್ನೇ ತೋರಿಸುತ್ತದೆ. ಆದರೆ ಮೀಟರ್ ಹೇಳುವುದು ಎಷ್ಟು ಅನ್ನುವುದನ್ನ, ಏನು ಅನ್ನುವುದನ್ನಲ್ಲ. 40 ಅಂತ ಬಂದರೆ ಅದು ಸುಣ್ಣವೋ ಸಿಲಿಕೇಟೋ ತಾಮ್ರವೋ ಅದಕ್ಕೆ ಗೊತ್ತಿಲ್ಲ. ರೀಫಿಗೆ ಬೇಕಿರುವುದು ಸೊನ್ನೆ. ಅದಕ್ಕೆ ಆರ್‌ಒ ಆದ ಮೇಲೆ ಡಿಐ, ಅಂದರೆ ಉಳಿದ ಲವಣವನ್ನೂ ಹಿಡಿದಿಡುವ ರಾಳದ ಕಾರ್ಟ್ರಿಜ್ ಬೇಕು. ಬೇರೆ ಯಂತ್ರವೇ ಕೊಳ್ಳಬೇಕು ಅಂತಿಲ್ಲ. ಮೆಂಬ್ರೇನಿನಿಂದ ಹೊರಬರುವ ಪೈಪಿಗೇ, ಕಂಟ್ರೋಲರ್ ಮತ್ತು ತಾಮ್ರದ ಕಾರ್ಟ್ರಿಜ್‌ಗೆ ಮುಂಚೆ, ಒಂದು ಟೀ ಜಾಯಿಂಟ್ ಹಾಕಿಸಿ ಡಿಐಗೆ ಕೊಡಿ. ರಿಪೇರಿಯವರಿಗೆ ಸಣ್ಣ ಕೆಲಸ.

ಮಳೆ ನೀರು ಹಿಡಿಯಬಹುದಲ್ವಾ ಅಂತ ನನ್ನನ್ನು ತುಂಬಾ ಜನ ಕೇಳಿದ್ದಾರೆ. ಜಿಂಕ್ ಶೀಟಿನ ಮಾಡಾದರೆ ಸತು ಇಳಿಯುತ್ತದೆ, ಅದೂ ಹುಳುಗಳಿಗೆ ಆಗದು. ತೋಟದ ಪಕ್ಕದ ಮನೆಯಾದರೆ ಬೋರ್ಡೋ ಹನಿ ಬೇರೆ. ಹೇಳಿದ್ದಕ್ಕೆ ನೆನಪಾಯಿತು: ಔಷಧಿ ಹೊಡೆದು ಬಂದ ಕೈಯನ್ನು ಟ್ಯಾಂಕಿನೊಳಗೆ ಇಡಬೇಡಿ.

ಈಗಾಗಲೇ ಒಳಗೆ ಹೋಗಿರುವ ತಾಮ್ರಕ್ಕೆ ಏನು ಮಾಡುವುದು? ಪಾಲಿಫಿಲ್ಟರ್ ಅನ್ನುವ ಹಾಳೆ ಸಿಗುತ್ತದೆ. ನೀರು ಹರಿಯುವ ಕಡೆ ಒಂದು ತುಂಡು ಇಡಿ. ತಾಮ್ರ ಹೀರಿದರೆ ಅದು ನೀಲಿಗೆ ತಿರುಗುತ್ತದೆ, ಹಾಗಾಗಿ ಮದ್ದೂ ಹೌದು, ಸಾಕ್ಷಿಯೂ ಹೌದು. ತಾಮ್ರ ಹೀರುವ ಕುಪ್ರಿಸಾರ್ಬ್ ಅನ್ನುವ ರಾಳ ಕೂಡ ಆಗುತ್ತದೆ. ಸಾಮಾನ್ಯ ತಾಮ್ರದ ಕಿಟ್ ನಂಬಬೇಡಿ, ಅವು ಮೀನಿನ ಮದ್ದಿನ ಪ್ರಮಾಣ ಅಳೆಯೋಕೆ ಮಾಡಿದವು, ಹುಳು ಕೊಲ್ಲುವಷ್ಟು ಸಣ್ಣ ಪ್ರಮಾಣ ಅವಕ್ಕೆ ಕಾಣಿಸದೇ ಇರಬಹುದು. ಡಿಐ ನೀರು ಸಿಕ್ಕ ಮೇಲೆ ವಾರಕ್ಕೆ ಎರಡು ಸಲ 20 ಲೀಟರಿನಂತೆ ಬದಲಿಸಿ. ತಾಮ್ರ ಕಲ್ಲು, ಮರಳಿಗೂ ಅಂಟಿಕೊಂಡು ನಿಧಾನಕ್ಕೆ ಬಿಡುತ್ತಿರುತ್ತದೆ. ಹಾಗಾಗಿ ತಿಂಗಳು ದಾಟುವವರೆಗೆ ಹೊಸ ಹುಳು ತರಬೇಡಿ. ಉಳಿದಿರುವ ಎರಡನ್ನು ಡಿಐ ನೀರಿನಲ್ಲಿ ಕಲಸಿದ ಬೇರೆ ಉಪ್ಪುನೀರಿನ ಡಬ್ಬಿಗೆ ಏರ್ ಸ್ಟೋನ್ ಹಾಕಿ ಇಡಿ. ಉಪ್ಪಿನ ಮಟ್ಟ ಟ್ಯಾಂಕಿನಷ್ಟೇ ಇರಲಿ. ಅಲ್ಲಿ ಚೇತರಿಸಿಕೊಂಡರೆ ಅದೇ ಉತ್ತರ.

ಇನ್ನು ನಿಮ್ಮ ಅಂಕಿಗಳು. 0.25 ಅಮೋನಿಯಾ ನಿಜವೋ ಸುಳ್ಳೋ ನೋಡಬೇಕು. ಹೊಸದಾಗಿ ಕಲಸಿದ ಉಪ್ಪುನೀರಿಗೂ ಅದೇ ಕಿಟ್ ಹಾಕಿ. ಅಲ್ಲೂ ಅದೇ ಹಸಿರು ಬಂದರೆ ತೊಂದರೆ ಟ್ಯಾಂಕಿನದಲ್ಲ, ಕಿಟ್‌ನದೋ ಉಪ್ಪಿನದೋ. ಬಣ್ಣವನ್ನು ಟ್ಯಾಂಕಿನ ನೀಲಿ ಲೈಟಿನಲ್ಲಿ ನೋಡಬೇಡಿ, ಕಿಟಕಿ ಹತ್ತಿರ ಹಗಲು ಬೆಳಕಿನಲ್ಲಿ ನೋಡಿ. ನೈಟ್ರೇಟ್ 40 ನಂಬುವ ಮುಂಚೆ ನೈಟ್ರೈಟ್ ಅಳೆಯಿರಿ. ಏಳು ವಾರದ ಟ್ಯಾಂಕಿನಲ್ಲಿ ನೈಟ್ರೈಟ್ ಇನ್ನೂ ಉಳಿದಿರಬಹುದು, ನೈಟ್ರೇಟ್ ಕಿಟ್ ಅದನ್ನೂ ನೈಟ್ರೇಟ್ ಅಂತಲೇ, ಅದೂ ಎಷ್ಟೋ ಪಟ್ಟು ಹೆಚ್ಚು ಮಾಡಿ ತೋರಿಸುತ್ತದೆ. ಉಪ್ಪುನೀರಿನಲ್ಲಿ ಮೀನಿಗೆ ನೈಟ್ರೈಟಿನಿಂದ ಸಿಹಿನೀರಿನಷ್ಟು ಅಪಾಯವಿಲ್ಲ, ಗಾಬರಿ ಬೇಡ.

ಪಿಎಚ್ ಪುಡಿ ಯಾಕೆ ಬೇಡ ಅಂದೆ? ಅಮೋನಿಯಾ ನಿಜವಾಗಿ ಇದ್ದರೆ, ಪಿಎಚ್ 7.8ರಿಂದ 8.2ಕ್ಕೆ ಏರಿದಾಗ ಅದರ ವಿಷದ ಪಾಲು ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಅಂಕಿ ಚೆಂದ ಆಗುತ್ತದೆ, ಮೀನು ಸಾಯುತ್ತದೆ. ಮಲೆನಾಡಿನಲ್ಲಿ 7.8ಕ್ಕೆ ಬೇರೆಯೇ ಕಾರಣ ಇರುವುದು ಜಾಸ್ತಿ. ಮಳೆಗಾಲ ಅಂತ ಕಿಟಕಿ ಎಲ್ಲಾ ಮುಚ್ಚಿರುತ್ತೀರಿ, ಒಳಗೆ ಗ್ಯಾಸ್ ಒಲೆ, ಬಚ್ಚಲ ಒಲೆ, ನಾಲ್ಕು ಜನರ ಉಸಿರು. ಆ ಇಂಗಾಲದ ಡೈಆಕ್ಸೈಡ್ ನೀರಿಗೆ ಇಳಿದು ಪಿಎಚ್ ಬೀಳುತ್ತದೆ. ಅಡಿಕೆ ಬೇಯಿಸುವ ಸೀಸನ್‌ನಲ್ಲಿ ನಮ್ಮನೆಯಲ್ಲಿ 7.7ಕ್ಕೂ ಇಳಿಯುತ್ತದೆ. ಪರೀಕ್ಷೆ ಸುಲಭ. ಒಂದು ಲೋಟ ಟ್ಯಾಂಕಿನ ನೀರನ್ನು ಜಗುಲಿಗೆ ತಂದು ಏರ್ ಪಂಪಿನಿಂದ ಒಂದು ಗಂಟೆ ಗುಳ್ಳೆ ಬಿಡಿ, ಆಮೇಲೆ ಅಳೆಯಿರಿ. 8.1, 8.2 ಬಂದರೆ ನೀರಿನಲ್ಲಿ ದೋಷವಿಲ್ಲ. ಒಂದು ಕಿಟಕಿ ಸ್ವಲ್ಪ ತೆಗೆದಿಡಿ, ಸಾಕು. ಏರದಿದ್ದರೆ ಆಲ್ಕಲಿನಿಟಿ (ಪಿಎಚ್ ಬೀಳದಂತೆ ತಡೆಯುವ ನೀರಿನ ಶಕ್ತಿ) ನೋಡಿ, ಅದರ ಅಳತೆಯಾದ ಡಿಕೆಎಚ್‌ನಲ್ಲಿ 8ರಿಂದ 9 ಇರಬೇಕು.

ಮರಳಿನ ಕಂದು ಒರೆಸಿದರೆ ಪುಡಿಯಾಗಿ ಎದ್ದರೆ ಅದು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ. ನೀರಿನ ಸಿಲಿಕೇಟ್ ತಿಂದು ಬೆಳೆಯುತ್ತದೆ, ಡಿಐ ನೀರು ಶುರುವಾದ ಮೇಲೆ ಕೆಲವು ವಾರದಲ್ಲಿ ತಾನೇ ಹೋಗುತ್ತದೆ. ಲೋಳೆ ದಾರದ ಹಾಗಿದ್ದು ತುದಿಯಲ್ಲಿ ಗುಳ್ಳೆ ಇದ್ದರೆ, ರಾತ್ರಿ ಕಡಿಮೆಯಾಗಿ ಮಧ್ಯಾಹ್ನ ಮತ್ತೆ ಬಂದರೆ, ಅದು ಡೈನೊಫ್ಲಾಜೆಲೇಟ್ ಅನ್ನುವ ಇನ್ನೊಂದು ಸೂಕ್ಷ್ಮಜೀವಿ, ಚಿಕ್ಕದಾಗಿ ಡೈನೊ. ಅದರಲ್ಲೂ ಕೆಲವು ಜಾತಿ ಬಸವನಹುಳುಗಳನ್ನು ಕೊಲ್ಲುತ್ತವೆ, ಹಾಗಾಗಿ ಇದನ್ನೂ ಬಿಡಬೇಡಿ. ಸ್ವಲ್ಪ ಲೋಳೆಯನ್ನು ಬಾಟಲಿಯಲ್ಲಿ ಜೋರಾಗಿ ಅಲುಗಿಸಿ, ಕಾಫಿ ಫಿಲ್ಟರಿನಲ್ಲಿ ಸೋಸಿ (ನಮ್ಮ ಸ್ಟೀಲ್ ಫಿಲ್ಟರ್ ಅಲ್ಲ, ಕಾಗದದ್ದು), ಸೋಸಿದ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಿ. ಮತ್ತೆ ದಾರವಾಗಿ ಗಂಟುಕಟ್ಟಿದರೆ ಡೈನೊ.

ಉಪ್ಪಿನ ಬಗ್ಗೆ ನೀವು ಬರೆದಿಲ್ಲ. ಮುಳ್ಳಿನ ಹೈಡ್ರೋಮೀಟರ್ ಬಳಸುತ್ತಿದ್ದರೆ ಮುಳ್ಳಿಗೆ ಅಂಟಿದ ಒಂದು ಗುಳ್ಳೆ ಸಾಕು, ಉಪ್ಪು ಜಾಸ್ತಿ ಅಂತ ತೋರಿಸುತ್ತದೆ. ನೀವು ಕಡಿಮೆ ಹಾಕುತ್ತೀರಿ. ಉಪ್ಪಿನ ಏರಿಳಿತವೂ ಬಸವನಹುಳುವನ್ನು ಕೊಲ್ಲುತ್ತದೆ. ಬೆಳಕಿನ ಬಾಗುವಿಕೆಯಿಂದ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ತಗೊಳ್ಳಿ, 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು ಉಪ್ಪು) ದ್ರಾವಣದಲ್ಲೇ ಸರಿಪಡಿಸಿಕೊಳ್ಳಿ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ತೇವ ಎಳೆದು ಗಟ್ಟಿಯಾಗುತ್ತದೆ, ಆಗ ತೂಕದ ಲೆಕ್ಕವೂ ತಪ್ಪುತ್ತದೆ. ಆವಿಯಾಗಿ ಇಳಿದ ನೀರಿಗೆ ಡಿಐ ನೀರನ್ನೇ ಸೇರಿಸಬೇಕು, ಉಪ್ಪುನೀರಲ್ಲ.

ಸೀದಾ ಸಮುದ್ರದ ನೀರೇ ತರೋಣ ಅನಿಸಬಹುದು, ಘಾಟಿ ಇಳಿದರೆ ಕಡಲು ತಾನೇ. ಒಂದು ಸೆಪ್ಟೆಂಬರಿನಲ್ಲಿ ಮರವಂತೆಯಿಂದ ನಾಲ್ಕು ಕ್ಯಾನ್ ತಂದು ಅಳೆದೆ, 27 ಪಿಪಿಟಿ. ಒಂದು ಕಡೆ ಸೌಪರ್ಣಿಕಾ, ಒಂದು ಕಡೆ ಕಡಲು; ಮಳೆ ಮುಗಿಯುವ ಹೊತ್ತಿಗೆ ದಡದ ನೀರೆಲ್ಲ ಹೊಳೆಯದೇ ಬೆರಕೆ. ಪೂರಾ ಚೆಲ್ಲಿದೆ. ಅಲ್ಲಿಂದ ಹವಳದ ಕಲ್ಲನ್ನಂತೂ ತರಲೇಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಮೊದಲು ಅಡುಗೆಮನೆ ನಲ್ಲಿಯ ನೀರಿಗೂ ಮೆಂಬ್ರೇನಿನ ಪೈಪಿನ ನೀರಿಗೂ ಟಿಡಿಎಸ್ ಮೀಟರ್ ಅದ್ದಿ ನೋಡಿ. ಆ ಎರಡು ಅಂಕಿ, ನೈಟ್ರೈಟ್, ಜಗುಲಿಯ ಲೋಟದ ಪಿಎಚ್ ಇಷ್ಟನ್ನು ಕೆಳಗೆ ಬರೆಯಿರಿ. ಪಾಲಿಫಿಲ್ಟರಿನ ಬಣ್ಣ ಎರಡು ದಿನ ಬಿಟ್ಟು ಹೇಳಿದರೂ ಸಾಕು.